ಚಂದ್ರಾಮನ ಒಳಹೊರಗಾದ ಕಪಾಟು

ಚಂದ್ರಾಮ ಮುಂಬಯಿಗೆ ಬಂದು ಹತ್ತೊಂಬತ್ತು ವರ್ಷ ಬಡಗಿ ಕೆಲಸ ಮಾಡಿದ್ದ. ಆದರೆ ಇದು ನಾನು ಮಾಡಿದ್ದು ಎಂದು ಬೆರಳು ಮಾಡಿ ತೋರಿಸಲು ಊರೆಲ್ಲ ಜಾಲಾಡಿದರೂ ಒಂದು ಸ್ಟೂಲು ಕೂಡ ಸಿಗುತ್ತಿರಲಿಲ್ಲ. ಹಾಗೆಂದು ಅವನೇನು ಮೈಗಳ್ಳನಲ್ಲ. ಅವನದು ಸೆಂಟ್ರಿಂಗ್ ಕೆಲಸ. ಕಟ್ಟಡಕ್ಕೆ ಕಾಂಕ್ರೀಟ್ ಸುರಿಯುವ ಮೊದಲು ಹಲಗೆಯಿಂದ ಅಚ್ಚು ಕಟ್ಟುವುದು, ಕಾಂಕ್ರೀಟ್ ಗಟ್ಟಿಯಾದ ಮೇಲೆ ಅದೇ ಹಲಗೆಗಳನ್ನು ಕಿತ್ತು ಮೇಲಿನ ಮಹಡಿಗೆ ಸಾಗಿಸುವುದು. ಕಟ್ಟುವವನೂ ಅವನೇ, ಕೀಳುವವನೂ ಅವನೇ. ಅಂಧೇರಿಯಲ್ಲಿ ನಾಲ್ಕು ಮಹಡಿಯ ಕಟ್ಟಡ ಎದ್ದು ನಿಂತರೆ ಅದರಲ್ಲಿ ಗಾರೆಯವನ ಕೆಲಸ ಉಳಿಯುತ್ತಿತ್ತು, ಕಬ್ಬಿಣದವನದು ಉಳಿಯುತ್ತಿತ್ತು, ಬಣ್ಣದವನದಂತೂ ಎದ್ದು ಕಾಣುತ್ತಿತ್ತು. ಚಂದ್ರಾಮನದು ಮಾತ್ರ ಲಾರಿ ಹತ್ತಿ ಮುಂದಿನ ಸೈಟಿಗೆ ಹೊರಟುಹೋಗಿರುತ್ತಿತ್ತು.

ಸಂಜೆ ಲೋಕಲ್‌ನಲ್ಲಿ ದಹಿಸರಿಗೆ ಮರಳುವಾಗ ಅವನು ಹೆಂಡತಿ ಗುರುಬಾಯಿಗೆ ಕಿಟಕಿಯಿಂದ ತೋರಿಸುತ್ತಿದ್ದ. ಅವಳೂ ಅದೇ ಸೈಟಿನಲ್ಲಿ ಕಾಂಕ್ರೀಟ್ ಬುಟ್ಟಿ ಹೊರುವವಳು.

“ಅಗಾ ನೋಡು, ಆ ಬಾಲ್ಕನಿ ನಂದು.”

“ಅದರಾಗ ನಿಮ್ಮ ಕಟಗಿ ಎಲ್ಲದ?”

“ಈಗ ಇಲ್ಲ. ಆದ್ರ ಕಟಗಿ ಇತ್ತಂತಲೇ ಅದು ಅಲ್ಲಿ ನಿಂತದ.”

“ಒಳಗಿರೋ ಕಾಂಕ್ರೀಟ್ ನಾ ಹೊತ್ತದ್ದು. ಅಂದ್ಮ್ಯಾಲ ಬಾಲ್ಕನಿ ನಂದಾಯ್ತು,” ಎಂದು ಅವಳು ಕಟ್ಟಡವನ್ನೇ ಕಸಿದುಕೊಂಡುಬಿಡುತ್ತಿದ್ದಳು. ಚಂದ್ರಾಮ ನಗುತ್ತಿದ್ದ. ಆದರೆ ಆ ಮಾತು ಒಳಗೆಲ್ಲೋ ಚುಚ್ಚುತ್ತಿತ್ತು. ವಯಸ್ಸು ನಲವತ್ತು ದಾಟಿತ್ತು. ಯಾರೂ ಬಿಚ್ಚದಂಥದ್ದು ಒಂದನ್ನಾದರೂ ಕಟ್ಟಬೇಕು, ಸೈಟಿನ ಬಿಸಿಲು ಬಿಟ್ಟು ಮನೆಯಲ್ಲೇ ಕೂತು ಕೆಲಸ ಮಾಡುವ ಬಡಗಿಯಾಗಬೇಕು ಎಂಬ ಆಸೆ ಅವನಿಗೆ ಅಂಟಿಕೊಂಡಿತ್ತು.

ಅದಕ್ಕೆಂದೇ ದಹಿಸರಿನಲ್ಲಿ ತಾವಿದ್ದ ಒಂದೇ ಕೋಣೆಯ ಖೋಲಿಯ ಹಿಂದೆ ನಾಲ್ಕು ಗಳ ನೆಟ್ಟು, ಮೇಲೆ ತಗಡು ಹೊದಿಸಿ, ಒಂದು ಕಾರ್ಖಾನೆ ಮಾಡಿಕೊಂಡಿದ್ದ. ಕಾರ್ಖಾನೆ ಎಂದು ಕರೆಯುತ್ತಿದ್ದವನು ಅವನೊಬ್ಬನೇ. ಉಳಿದವರಿಗೆ ಅದು ಮೇಕೆ ಕಟ್ಟಲು ಹೇಳಿ ಮಾಡಿಸಿದ ಜಾಗ. ಅಲ್ಲಿ ಸಾಮಾನು ಇಡಲು ಏನೂ ಇಲ್ಲದ್ದರಿಂದ ಕರಗಸ ಮಂಚದ ಕೆಳಗೆ, ಉಳಿಗಳು ಹಾಸಿಗೆಯ ಸುರುಳಿಯಲ್ಲಿ, ಮೊಳೆಗಳು ಅಡುಗೆಯ ಡಬ್ಬಿಗಳ ನಡುವೆ ಬಿಡಾರ ಹೂಡಿದ್ದವು. ಎಪ್ಪತ್ತಮೂರರ ದೀಪಾವಳಿ ಕಳೆದ ಒಂದು ಬೆಳಿಗ್ಗೆ ಗುರುಬಾಯಿ ಜೋಳದ ರೊಟ್ಟಿ ಮುರಿದರೆ ಒಳಗಿನಿಂದ ಒಂದಿಂಚಿನ ಮೊಳೆ ಇಣುಕಿತು.

“ಏನ್ರಿ, ಇನ್ನಾದ್ರೂ ಒಂದು ಕಪಾಟು ಮಾಡಿ ಇವನ್ನೆಲ್ಲ ಅದರಾಗ ತುಂಬ್ರಿ. ಇಲ್ಲಂದ್ರ ನಾಳಿಯಿಂದ ನಿಮಗ ಮೊಳಿನೇ ಪಲ್ಯ,” ಎಂದಳು.

ಅದೇ ವಾರ ಇನ್ನೊಂದು ಕಡೆಯಿಂದಲೂ ಕಪಾಟಿನ ಮಾತು ಬಂತು. ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಕೊರಗ ಎಂಬವನಿದ್ದ, ಉಗ್ರಾಣ ನೋಡಿಕೊಳ್ಳುವವನು. ಹಿಂದೊಮ್ಮೆ ಆ ಹೋಟೆಲಿನ ಹಿಂದೆಯೇ ಕಟ್ಟಡವೊಂದು ಏಳುವಾಗ ಚಂದ್ರಾಮ ದಿನಾ ಅಲ್ಲಿ ಊಟ ಮಾಡಿ ಅವನ ಗೆಳೆಯನಾಗಿದ್ದ. ಕೊರಗ ಬಿಡುವಿನಲ್ಲಿ ಅಲ್ಲಿನ ಕನ್ನಡ ಸಂಘದ ಪುಸ್ತಕಗಳನ್ನೂ ನೋಡಿಕೊಳ್ಳುತ್ತಿದ್ದ. ಪುಸ್ತಕಗಳಿದ್ದದ್ದು ಒಂದು ಬಿಲ್ಡಿಂಗಿನ ಮೂರನೇ ಮಹಡಿಯ ಸಂಘದ ಕೋಣೆಯಲ್ಲಿ, ಗೋಣಿಚೀಲದೊಳಗೆ. ಪುಣ್ಯಾತ್ಮರೊಬ್ಬರು ದೊಡ್ಡದೊಂದು ತೇಗದ ಕಪಾಟು ದಾನ ಕೊಟ್ಟಿದ್ದರು. ಅದು ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು, ಮೇಲೂ ಹತ್ತದೆ ಕೆಳಗೂ ಇಳಿಯದೆ ಎಂಟು ತಿಂಗಳಾಗಿತ್ತು. ಬಿಲ್ಡಿಂಗಿನವರು ಈಗ ಅದರಲ್ಲಿ ಚಪ್ಪಲಿ ಇಡುತ್ತಿದ್ದರು. ಸಂಘದ ಕೋಣೆಯಲ್ಲೇ ಬಡಗಿಯನ್ನು ಕೂರಿಸಿ ಮಾಡಿಸೋಣವೆಂದರೆ, ದಿನವಿಡೀ ಕುಟ್ಟುವ ಸದ್ದಿಗೆ ಕೆಳಗಿನ ಮನೆಯವರು ಮೊದಲ ದಿನವೇ ಜಗಳಕ್ಕೆ ಬಂದಿದ್ದರು.

“ಸಣ್ಣ ಸಣ್ಣ ಎರಡು ಕಪಾಟು ಬೇಕು ಮಾರಾಯ್ರೆ,” ಎಂದ ಕೊರಗ.

“ನಾ ಮಾಡಿಕೊಡ್ತೀನಲ್ಲ ಕೊರಗಣ್ಣಾ!”

ಕೊರಗ ತಲೆ ಕೆರೆದುಕೊಂಡ. “ಬೇಜಾರು ಮಾಡ್ಬೇಡಿ ಚಂದ್ರಾಮಣ್ಣ. ನೀವು ಸೆಂಟ್ರಿಂಗಿನವರಲ್ವಾ? ಕಮಿಟಿಯವರು ಕೇಳಿದ್ರೆ ನಾನು ಎಂತ ಹೇಳುದು? ನಿಮ್ಮ ಕೈಯಲ್ಲಿ ಆದ ಒಂದು ಕಪಾಟು ತೋರಿಸಿ. ಮುಂದಿನ ತಿಂಗಳು ಮೊದಲ ಆದಿತ್ಯವಾರ ನಾನೇ ಬರ್ತೇನೆ. ಸರಿ ಕಂಡ್ರೆ ಕೆಲಸ ನಿಮಗೇ.”

ಜೊತೆಗೆ ನಾಲ್ಕು ಚೌಕನೆಯ ಖಾಲಿ ಎಣ್ಣೆ ಡಬ್ಬಗಳನ್ನೂ ಕೊಟ್ಟ; ಉದ್ದಕ್ಕೆ ಸೀಳಿದರೆ ಎಂಟು ಡ್ರಾವರ್ ಆಗುತ್ತವೆ ಎಂಬುದು ಅವನದೇ ಉಪಾಯ. ಚಂದ್ರಾಮ ಡಬ್ಬಗಳನ್ನು ಹೊತ್ತು ಲೋಕಲ್ ಹತ್ತಿದಾಗ ಜನ ಬೈದರೂ ಅವನಿಗೆ ಕೇಳಿಸಲಿಲ್ಲ. ಈ ಒಂದು ಕಪಾಟು ನೆಟ್ಟಗಾದರೆ ತಾನು ಬಡಗಿ. ಇಲ್ಲವಾದರೆ ಉಳಿದ ಆಯುಷ್ಯವೂ ಸೆಂಟ್ರಿಂಗಿನವನೇ.

ಸೈಟಿನಲ್ಲಿ ಆಳುಗಳನ್ನು ನೋಡಿಕೊಳ್ಳುವ ಮುಕಾದಮ ಶಿವಪುತ್ರಪ್ಪ, ಚಂದ್ರಾಮನ ಊರ ಕಡೆಯವನು, ಸವೆದು ತೆಗೆದಿಟ್ಟ ಹಲಗೆಗಳನ್ನು ಒಯ್ಯಲು ಬಿಟ್ಟ. ಚಂದ್ರಾಮ ಅವುಗಳ ಮೇಲಿನ ಸಿಮೆಂಟು ಕೆರೆದು, ಉಜ್ಜುಗೊರಡು ಹಾಕಿ, ಕೆನ್ನೆಗೆ ಒತ್ತಿ ನೋಡುವಷ್ಟು ನುಣುಪು ಮಾಡಿದ. ಸಂಜೆ ಕೆಲಸದಿಂದ ಬಂದವನು ಚಹಾ ಕುಡಿದು ಹಿಂದಕ್ಕೆ ಹೋದರೆ ಕತ್ತಲಾಗುವವರೆಗೆ ಅಲ್ಲೇ. ಗುರುಬಾಯಿ ಇಣುಕಲು ಬಂದರೆ, “ಮುಗಿದ ಮ್ಯಾಲ ನೋಡಂತಿ,” ಎಂದು ಅಟ್ಟಿಬಿಡುತ್ತಿದ್ದ. ಒಂದೊಂದು ಬದಿಯನ್ನೂ ನೆಲದ ಮೇಲೆ ಮಲಗಿಸಿ ಕಟ್ಟಿದ. ಅಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲ. ಕೈ ತಾನಾಗಿ ನಡೆಯುತ್ತಿತ್ತು, ಅವನು ಸುಮ್ಮನೆ ಹಾಡು ಗುನುಗುತ್ತಿದ್ದ. ತಪ್ಪಾದದ್ದು ಅಲ್ಲೇ. ಕೈಯನ್ನು ಅಷ್ಟೊಂದು ಅದರ ಪಾಡಿಗೆ ಬಿಡಬಾರದಿತ್ತು.

ಕೊರಗ ಬರಬೇಕಾದ ಭಾನುವಾರ ಬೆಳಿಗ್ಗೆ ಚಂದ್ರಾಮ ನಾಲ್ಕೂ ಬದಿ ಜೋಡಿಸಿ, ಖಾನೆಗಳನ್ನು ಕೂರಿಸಿ, ಡಬ್ಬದ ಡ್ರಾವರ್‌ಗಳನ್ನು ತುರುಕಿ, ಬಾಗಿಲು ಹಾಕಿ, ಕಪಾಟನ್ನು ಎತ್ತಿ ನಿಲ್ಲಿಸಿದ. ಹೆಂಡತಿಯನ್ನು ಕರೆದ. ಗುರುಬಾಯಿ ಬಂದಳು, ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು, ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಛಂದ ಆಗ್ಯಾದ. ಕಾಂಕ್ರೀಟ್ ಯಾವಾಗ ಸುರೀತೀರಿ?”

ಚಂದ್ರಾಮ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಎದುರಿಗಿದ್ದದ್ದು ಕಪಾಟಲ್ಲ, ಕಾಂಕ್ರೀಟ್ ಕಂಬ ಎರೆಯಲು ಕಟ್ಟಿದ ಸೆಂಟ್ರಿಂಗ್ ಪೆಟ್ಟಿಗೆ. ಸೆಂಟ್ರಿಂಗಿನಲ್ಲಿ ಹಲಗೆಯ ನುಣುಪು ಮುಖ ಯಾವಾಗಲೂ ಒಳಕ್ಕೆ, ಕಾಂಕ್ರೀಟಿನ ಕಡೆಗೆ. ಬಿಗಿಯುವ ಅಡ್ಡಪಟ್ಟಿಗಳೆಲ್ಲ ಹೊರಕ್ಕೆ. ಕೈ ಹಾಗೆಯೇ ಮಾಡಿತ್ತು. ಹೊರಗೆಲ್ಲ ಒರಟು ಪಟ್ಟಿಗಳು ಪಕ್ಕೆಲುಬಿನ ಹಾಗೆ ಎದ್ದಿದ್ದವು. ಮೊಳೆಗಳನ್ನೂ ಪೂರ್ತಿ ಹೊಡೆದಿರಲಿಲ್ಲ. ನಾಳೆ ಇಕ್ಕಳ ಹಾಕಿ ಕೀಳಲು ಬೇಕೆಂದು ಸೈಟಿನಲ್ಲಿ ಬಿಡುವಂತೆ ಅರ್ಧ ಬೆರಳು ಹೊರಗೇ ಬಿಟ್ಟಿದ್ದ. ಅನುಮಾನ ಬಂದು ಒಳಗೆ ಕೈಯಾಡಿಸಿದ. ಅಂಗೈ ಜಿಡ್ಡಾಯಿತು. ಕಾಂಕ್ರೀಟ್ ಅಂಟದಿರಲೆಂದು ಹಲಗೆಗೆ ಎಣ್ಣೆಯನ್ನೂ ಬಳಿದಿದ್ದ!

ಗುರುಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನ ಮುಖ ನೋಡಿದವಳೇ ನಗು ನುಂಗಿಕೊಂಡಳು. ಚಂದ್ರಾಮನಿಗೆ ಅಳುವೇ ಬಂದಿತ್ತು.

“ನನಗ ಕೆಡವೂದು ಬಿಟ್ಟು ಬ್ಯಾರೆ ಏನೂ ಬರಂಗಿಲ್ಲ, ಗುರೂ,” ಎಂದ.

“ಹಂಗ್ಯಾಕಂತೀರಿ? ಬಾಗಿಲ ನೋಡ್ರಿ, ಹೆಂಗ ಕುಂತದ,” ಎಂದಳು. ಅದೂ ನಿಜವೇ, ಬಾಗಿಲು ಕೂದಲು ತೂರದಂತೆ ಕೂತಿತ್ತು. ಆದರೆ ಹೇಳಿ ಏನು ಫಲ! ಮೇಲೊಂದು ಕೌದಿ ಹೊದಿಸಿಬಿಡೋಣವೇ ಎಂದು ಗಂಡ ಹೆಂಡತಿ ಮಾತಾಡುತ್ತಿದ್ದಂತೆಯೇ ಹಿತ್ತಲಲ್ಲಿ ಕೊರಗನ ದನಿ ಕೇಳಿಸಿತು. ಕೌದಿ ಕೈಯಲ್ಲೇ ಉಳಿಯಿತು.

ಕೊರಗ ಕಪಾಟು ನೋಡಿದ, ಚಂದ್ರಾಮನನ್ನು ನೋಡಿದ, ಮತ್ತೆ ಕಪಾಟು ನೋಡಿದ. “ಇದೆಂತ ಮಾರಾಯ್ರೆ, ಅಂಗಿ ತಿರುಗುಮುರುಗಾ ಹಾಕಿದ ಹಾಗೆ ಉಂಟಲ್ಲ!”

ಚಂದ್ರಾಮ ಮುಚ್ಚಿಡಲಿಲ್ಲ. “ತಪ್ಪಾಗ್ಯಾದ ಕೊರಗಣ್ಣಾ. ಕೈಗಿ ಬರೂದು ಇದೊಂದೇ. ಪೂರಾ ಬಿಚ್ಚಿ, ಹಲಗಿ ಹೊರಳಿಸಿ ಕಟ್ಟಿಬಿಡ್ತೀನಿ. ನೀವು ಚಾ ಕುಡ್ಯೂದ್ರಾಗ ಬಿಚ್ಚಿರ್ತೀನಿ, ಕಟ್ಟಾಕ ಸ್ವಲ್ಪ ವ್ಯಾಳ್ಯಾ ಬೇಕು.”

“ಚಾ ಕುಡಿಯುವುದರಲ್ಲಿ? ಇಷ್ಟು ದೊಡ್ಡದನ್ನು?” ಕೊರಗ ನಂಬಲಿಲ್ಲ.

ಗುರುಬಾಯಿ ಚಹಾ ತಂದಳು. ಚಂದ್ರಾಮ ಇಕ್ಕಳ ಹಿಡಿದ. ಮೇಲಿನಿಂದ ಶುರುಮಾಡಿದವನ ಕೈ ಆಮೇಲೆ ನಿಲ್ಲಲೇ ಇಲ್ಲ. ಮೊಳೆಯ ತಲೆಗೆ ಇಕ್ಕಳ, ಒಂದು ಎಳೆತ, ಮೊಳೆ ಡಬ್ಬದೊಳಗೆ. ಒಂದು ಮೊಳೆಯೂ ಸೊಟ್ಟಗಾಗಲಿಲ್ಲ, ಒಂದು ಹಲಗೆಯೂ ಸೀಳಲಿಲ್ಲ. ಕೊರಗ ಬಸಿಯಲ್ಲಿ ಆರಿಸಿಕೊಂಡ ಕೊನೆಯ ಗುಟುಕು ಹೀರುವಷ್ಟರಲ್ಲಿ ಅಲ್ಲಿ ಕಪಾಟಿರಲಿಲ್ಲ. ಗೋಡೆಗೆ ಒರಗಿಸಿದ ಒಂದು ಹೊರೆ ಹಲಗೆ, ಒಂದು ಡಬ್ಬ ಮೊಳೆ, ಅಷ್ಟೇ.

ಕೊರಗ ಬಸಿ ಕೆಳಗಿಟ್ಟ. ಹಲಗೆಯ ಹೊರೆಯನ್ನು ಒಮ್ಮೆ ಎತ್ತಿ ನೋಡಿದ.

“ಚಂದ್ರಾಮಣ್ಣ, ಇದು ನಮ್ಮ ಮೆಟ್ಟಿಲು ಹತ್ತುತ್ತದಲ್ಲ!”

“ಹಲಗಿ ಅಲ್ಲೇನು, ಯಾಕ ಹತ್ತಂಗಿಲ್ಲ?”

“ಮೇಲೆ ಹೋಗಿ ಕಟ್ಟಲಿಕ್ಕೆ ಎಷ್ಟು ಹೊತ್ತು ಬೇಕು?”

“ಎಲ್ಲಾ ಕೊರದು ತಯಾರದ. ಅರ್ಧ ತಾಸು.”

“ಅರ್ಧ ತಾಸು ಕುಟ್ಟಿದ್ರೆ ಕೆಳಗಿನವರು ಸಹಿಸಿಕೊಳ್ತಾರೆ. ನಾಳೆ ಸಂಘ ಬೇರೆ ಕೋಣೆಗೆ ಹೋದ್ರೂ ಕಪಾಟು ನಮ್ಮ ಒಟ್ಟಿಗೆ ಬರ್ತದೆ.” ಕೊರಗನ ಮುಖವೆಲ್ಲ ಹಲ್ಲಾಯಿತು. “ಎರಡೂ ನೀವೇ ಮಾಡಿ. ಹೀಗೇ ಬಿಚ್ಚುವ ಹಾಗೆ ಮಾಡಿ. ನುಣುಪು ಮಾತ್ರ ಹೊರಗೆ ಬರ್ಲಿ. ಮತ್ತೆ ಎಣ್ಣೆ ಬೇಡ, ದಮ್ಮಯ್ಯ!”

ಅವನು ಹೋದ ಮೇಲೆ ಚಂದ್ರಾಮ ಹಲಗೆಗಳ ಎಣ್ಣೆ ಒರೆಸಿ, ಒಳಹೊರಗು ತಿರುಗಿಸಿ, ತನ್ನ ಕಪಾಟನ್ನು ಮತ್ತೆ ಕಟ್ಟಿದ. ಈಗ ಅದು ಯಾರು ನೋಡಿದರೂ ಕಪಾಟೇ. ಕೆಲಸ ಸಿಕ್ಕಿತ್ತು, ಖುಷಿಯಾಗಿತ್ತು. ಆದರೂ ಅವನು ಅದರ ಮುಂದೆ ಕೂತು, ಅಭ್ಯಾಸದಿಂದ ಮತ್ತೆ ಅರ್ಧ ಬೆರಳು ಹೊರಗೇ ಬಿಟ್ಟಿದ್ದ ಮೊಳೆಯೊಂದನ್ನು ಸವರತೊಡಗಿದ.

“ಮತ್ತೇನಾತು?” ಎಂದಳು ಗುರುಬಾಯಿ.

“ಏನಿಲ್ಲ. ಸಂಘದವೂ ಬಿಚ್ಚೂವೇ ಆದ್ವು.”

ಗುರುಬಾಯಿ ಸೆರಗು ಸಿಕ್ಕಿಸಿ ಸುತ್ತಿಗೆ ಎತ್ತಿಕೊಂಡಳು. ಅರ್ಧ ಬೆರಳು ಹೊರಗಿದ್ದ ಮೊದಲ ಮೊಳೆಯ ತಲೆಗೆ ಬಲವಾಗಿ ಒಂದು ಏಟು ಕೊಟ್ಟಳು. ಮೊಳೆ ಹಲಗೆಯೊಳಗೆ ಪೂರ್ತಿ ಇಳಿಯಿತು. ಆಮೇಲೆ ಎರಡನೆಯದು, ಮೂರನೆಯದು. ವರ್ಷಗಟ್ಟಲೆ ಬುಟ್ಟಿ ಹೊತ್ತ ತೋಳು, ಒಂದೊಂದಕ್ಕೆ ಒಂದೇ ಏಟು ಸಾಕಾಗುತ್ತಿತ್ತು.

“ಮಾಟುಂಗದವರದು ಬಿಚ್ಚಲಿ. ಇದು ನಮ್ಮದು,” ಎಂದಳು.

ಚಂದ್ರಾಮ ಎದ್ದು ಕಪಾಟು ಅಲುಗದಂತೆ ಎದೆಗೊಟ್ಟು ಹಿಡಿದುಕೊಂಡ. ಕೊನೆಯ ಮೊಳೆ ಉಳಿದಾಗ ಅವಳು ಸುತ್ತಿಗೆಯನ್ನು ಅವನ ಕೈಗೆ ಕೊಟ್ಟಳು. ಅವನು ಹೊಡೆದ. ಹತ್ತೊಂಬತ್ತು ವರ್ಷದ ಅಭ್ಯಾಸ, ಕೈ ಅರ್ಧಕ್ಕೇ ನಿಂತುಬಿಟ್ಟಿತು. ಗುರುಬಾಯಿ ಅವನನ್ನೇ ನೋಡುತ್ತಿದ್ದಳು. ಅವನು ಇನ್ನೊಂದು ಏಟು ಹಾಕಿದ.