ಭಾಗ್ಯಾ ನನ್ನ ದನಿಯಲ್ಲಿ ಪಾಠ ಮಾಡಿದಳು

ಗೆಳೆಯರೇ, ಸಂಜೆಯಾದರೂ ಬೆಳಗಿನ ಒಂದು ಮಾತು ಇನ್ನೂ ನನ್ನ ಕಿವಿಯಲ್ಲಿದೆ.

ನನ್ನ ಮೂರನೇ ತರಗತಿಯ ಭಾಗ್ಯಾ ವರ್ಷವಿಡೀ ಬಾಯಿ ಬಿಟ್ಟವಳಲ್ಲ. ಇಂದು ಬೆಳಿಗ್ಗೆ ಸವದತ್ತಿಯ ಶಿಕ್ಷಣ ಇಲಾಖೆಗೆ ಹೋಗಬೇಕಾದ ಒಂದು ಕಾಗದಕ್ಕೆ ಸಹಿ ಹಾಕಲು ಶಾಲೆಯ ಆಫೀಸಿಗೆ ಹೋಗಿದ್ದೆ. ವಾಪಸು ಬರುವಾಗ ತರಗತಿಯೊಳಗಿಂದ ನನ್ನದೇ ದನಿ ಕೇಳಿಸಿತು. ಇಣುಕಿದರೆ ಕರಿಹಲಗೆಯ ಮುಂದೆ ಭಾಗ್ಯಾ!

"ಹನ್ನೆರಡು ಶೇಂಗಾ ಮೂರು ಮಂದಿಗೆ ಹಂಚಿದ್ರ ಒಬ್ಬೊಬ್ರಿಗೆ ಎಷ್ಟು ಬರತಾವ? ಗದ್ಲಾ ಮಾಡಬ್ಯಾಡ್ರಿ, ಕೈ ಎತ್ರಿ."

ಎಲ್ಲರೂ ಕೈ ಎತ್ತಿದರು. ತಪ್ಪು ಹೇಳಿದ ಹುಡುಗನಿಗೆ ಹಲಗೆಯ ಮೇಲೆ ಚುಕ್ಕಿ ಹಾಕಿ, ಹಂಚಿ ತೋರಿಸಿದಳು. ನಾನು ಹೆಮ್ಮೆಯಿಂದ ನಗುತ್ತಿರುವಾಗಲೇ ಅವಳು ಕೊನೆಯ ಸಾಲಿನ ಖಾಲಿ ಜಾಗದ ಕಡೆ ತಿರುಗಿದಳು.

"ನೀ ಬಿಡವಾ, ನಿನಗ ತಿಳ್ಯಾಂಗಿಲ್ಲ. ಸುಮ್ನ ಕುಂಡ್ರು."

ಅದು ಅವಳು ದಿನವೂ ಕೂರುವ ಜಾಗ. ಆ ಮಾತು ನನ್ನದು. ಅವಳಿಗೆ ಎಷ್ಟು ಸಲ ಹೇಳಿದ್ದೆನೋ, ನೆನಪೂ ಇಲ್ಲ.

ನನ್ನನ್ನು ಕಂಡದ್ದೇ ಸೀಮೆಸುಣ್ಣ ಬಿಟ್ಟು ಓಡಲು ನೋಡಿದಳು. ತಡೆದೆ.

"ತಪ್ಪು ನಂದವಾ. ನಿನಗ ಎಲ್ಲಾ ತಿಳೀತೈತಿ. ನೀ ಪಾಠ ಮಾಡು, ನಾ ನಿನ್ನ ಜಾಗಾದಾಗ ಕುಂಡ್ರತೇನಿ" ಎಂದು ಹೋಗಿ ಕುಳಿತೆ.

ಸೀಮೆಸುಣ್ಣ ಮತ್ತೆ ಕೈಗೆತ್ತಿಕೊಂಡು, ಮೆಲ್ಲಗೆ ಕೇಳಿದಳು, "ಅಕ್ಕೋರ, ಇಪ್ಪತ್ತು ಶೇಂಗಾ ಐದು ಮಂದಿಗೆ ಹಂಚಿದ್ರ?"

ಅವಳ ಪಾಟಿ ಎಳೆದುಕೊಂಡು, ಅವಳು ತೋರಿಸಿದಂತೆಯೇ ಒಂದೊಂದಾಗಿ ಚುಕ್ಕಿ ಹಾಕತೊಡಗಿದೆ.

"ಅವಸರಿಲ್ರಿ ಅಕ್ಕೋರ, ವಿಚಾರ ಮಾಡಿ ಹೇಳ್ರಿ."

ಹದಿನೆಂಟು ವರ್ಷದಿಂದ ಕಲಿಸುತ್ತಿದ್ದೇನೆ. ಈ ಒಂದು ಮಾತನ್ನು ಅವಳು ನನ್ನಿಂದ ಕಲಿತದ್ದಂತೂ ಅಲ್ಲ.