ನಾನು ಕೈ ಬೀಸಿದ ತಿರುವು

ನಮ್ಮ ಬೈಕ್ ರ‍್ಯಾಲಿಯನ್ನು ಶುರು ಮಾಡಿದವನು ನನ್ನ ಗೆಳೆಯ. ಇಬ್ಬರೂ ಬೆಂಗಳೂರಿನಿಂದ ಒಂದೇ ಟೆಲಿಕಾಂ ಕಂಪನಿಯ ಕೆಲಸಕ್ಕೆ ನೈರೋಬಿಗೆ ಬಂದವರು. ಮೊದಲ ವರ್ಷ ಪಾರ್ಕ್‌ಲ್ಯಾಂಡ್ಸ್‌ನ ದೇವಸ್ಥಾನದ ಅಂಗಳದಿಂದ ಹೊರಟದ್ದು ನಾಲ್ಕೇ ಬೈಕು. ರಿಫ್ಟ್ ಕಣಿವೆಯ ಇಳಿಜಾರು ದಾಟಿ ನೈವಾಶಾ ಕೆರೆಯ ದಡದಲ್ಲಿ ಚಿತ್ರಾನ್ನ ತಿಂದು ವಾಪಸಾದೆವು. ಐದನೇ ವರ್ಷಕ್ಕೆ ಊರಿನ ಕೀನ್ಯನ್ ಸವಾರರೂ ಸೇರಿ ಅಂಗಳ ಸಾಲದಾಯಿತು. ವಾರವೆಲ್ಲ ಗೇಟು, ಗಾರ್ಡು, ಆಫೀಸು ಎಂದು ಬದುಕುವವರಿಗೆ ಆ ಒಂದು ದಿನದ ಗಾಳಿ ಬೇಕಾಗಿತ್ತು.

ಆ ಐದನೇ ವರ್ಷ ಮುಂದಾಳು ನಾನು. ಇಳಿಜಾರಿನಲ್ಲಿ ಒಂದು ಲಾರಿಯನ್ನು ಹಿಂದೆ ಹಾಕಿ, ರಸ್ತೆ ಖಾಲಿ ಇದೆಯೆಂದು ಹಿಂದಿದ್ದ ಗೆಳೆಯನಿಗೆ ಕೈ ಬೀಸಿದೆ. ಅವನು ನುಗ್ಗಿದ. ತಿರುವಿನಿಂದ ಜನ ತುಂಬಿದ ಮಟಾಟು, ಇಲ್ಲಿನ ಬಾಡಿಗೆ ವ್ಯಾನೊಂದು ಎದುರಾಯಿತು.

ಅವನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. "ನಂದೇ ಅವಸರ" ಎಂದು ಅವನು ಎಲ್ಲರಿಗೂ ಹೇಳಿದ. ನಾನು ಸುಮ್ಮನಿದ್ದೆ. ಎರಡು ವರ್ಷ ಸುಮ್ಮನಿದ್ದೆ.

ಈ ಸಲ ರ‍್ಯಾಲಿಗೆ ವಾರವಿರುವಾಗ ಅವನ ಫ್ಲ್ಯಾಟಿಗೆ ಹೋಗಿ ಕೂತೆ.

"ಅವತ್ತು ಕೈ ಬೀಸಿದ್ದು ನಾನು ಕಣೋ. ಸರಿಯಾಗಿ ನೋಡಿರ್ಲಿಲ್ಲ."

"ಗೊತ್ತು" ಎಂದ. "ಯಾರಿಗೂ ಹೇಳ್ಬೇಡ. ಹೇಳಿದ್ರೆ ರ‍್ಯಾಲಿ ನಿಂತೋಗುತ್ತೆ. ನನ್ನ ಕಾಲಂತೂ ಹೋಯ್ತು, ಅದಾದ್ರೂ ಇರ್ಲಿ."

ಅವನ ಹೆಂಡತಿ ಕಾಫಿ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಲೋಟಗಳನ್ನು ಮೇಜಿನ ಮೇಲಿಟ್ಟರು.

"ಎರಡು ವರ್ಷ ಇವರನ್ನೇ ಬೈದೆನಲ್ಲ" ಎಂದರು. "ಮಗಳ ಮುಂದೆ ಕೂಡ ಬೈದೆ. ನೀವು ಇಲ್ಲೇ ಕೂತು ಕೇಳಿಸ್ಕೊಂಡು, ಊಟ ಮಾಡ್ಕೊಂಡು ಹೋಗ್ತಿದ್ರಿ."

ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಗೆಳೆಯ ನನ್ನತ್ತ ನೋಡದೆ, "ನೀನೀಗ ಹೊರಡು" ಎಂದ.

ರ‍್ಯಾಲಿಯ ಬೆಳಿಗ್ಗೆ ಅಂಗಳದಲ್ಲಿ ನಡೆದದ್ದನ್ನು ಎಲ್ಲರೆದುರು ಹೇಳಿದೆ. ಯಾರೂ ಬೈಯಲಿಲ್ಲ, ಹತ್ತಿರವೂ ಬರಲಿಲ್ಲ. ಕೆಲವರು ಬೈಕು ತಿರುಗಿಸಿ ಮನೆಗೆ ಮರಳಿದರು. ಉಳಿದವರು ಬೇರೊಬ್ಬರ ಹಿಂದೆ ಹೊರಟರು. ನಾನು ಬೈಕನ್ನು ಸ್ಟ್ಯಾಂಡಿನಿಂದ ಇಳಿಸಲೇ ಇಲ್ಲ.

ಈಗ ಅವನಿಗೆ ಫೋನ್ ಮಾಡಿದರೆ ಮಗಳು ತೆಗೆದುಕೊಳ್ಳುತ್ತಾಳೆ. ಅಪ್ಪನಿಗೆ ಕೊಡಮ್ಮ ಎಂದರೆ, "ಹೀ ಈಸ್ ರೆಸ್ಟಿಂಗ್, ಅಂಕಲ್" ಎನ್ನುತ್ತಾಳೆ.