ಕಂಬಿ ಮಂಚದ ಮಧ್ಯಾಹ್ನಗಳು

ನಿದ್ದೆ ಬಾರದವರಿಗೆ ಡಾಕ್ಟರು ಮಾತ್ರೆ ಬರೆದುಕೊಡುತ್ತಿರಲಿಲ್ಲವಂತೆ. ‘ಡ್ರೈವರಣ್ಣನ ಮಧ್ಯಾಹ್ನದ ಬಸ್ಸು ಹತ್ತಿ’ ಎಂದು ಬರೆದುಕೊಡುತ್ತಿದ್ದರಂತೆ. ಬಸ್ಸು ಮೂರನೇ ಗೇರಿಗೆ ಬೀಳುವಷ್ಟರಲ್ಲಿ ಕಂಡಕ್ಟರನೂ ಸೇರಿ ಎಲ್ಲರದೂ ಗೊರಕೆ. ಒಮ್ಮೆ ಒಬ್ಬ ಜೇಬುಗಳ್ಳ ಪಕ್ಕದವನ ಜೇಬಿನಲ್ಲಿ ಕೈಯಿಟ್ಟುಕೊಂಡೇ ನಿದ್ದೆಹೋಗಿ, ಕೊನೆಯ ಸ್ಟಾಪಿನಲ್ಲಿ ಇಬ್ಬರೂ ಹಾಗೇ ಜೋಡಿಯಾಗಿ ಇಳಿದು ಹೋದರಂತೆ. ಇದನ್ನೆಲ್ಲ ಹೇಳುತ್ತಿದ್ದವನು ಬೇರೆ ಯಾರೂ ಅಲ್ಲ, ಡ್ರೈವರಣ್ಣನೇ.

ಕಣ್ಣು ಮಂಜಾಗಿ ಬಸ್ಸಿನ ಕೆಲಸ ಬಿಟ್ಟ ಮೇಲೆ ಅವನಿಗೆ ಉಳಿದದ್ದು ನೆಲಮಹಡಿಯ ಒಂದು ಕೋಣೆ, ಒಂದು ಸ್ಟವ್, ಒಂದು ಕುರ್ಚಿ. ಮದುವೆಯಾಗಲು ಡಿಪೋದವರು ರಜೆ ಕೊಡಲಿಲ್ಲ ಎಂದು ನಗಾಡುತ್ತಿದ್ದ. ಬೆಳಗ್ಗೆ ಹೇಗೋ ಕಳೆಯುತ್ತಿತ್ತು. ಊಟವಾದ ಮೇಲೆ ಮಾತ್ರ ಗೋಡೆ ಗಡಿಯಾರ ಅವನ ಕಡೆ ನೋಡುವುದು, ಅವನು ಗಡಿಯಾರದ ಕಡೆ ನೋಡುವುದು. ಹೆಚ್ಚಿನ ದಿನ ಸೋತು ಮೊದಲು ಮುಖ ತಿರುಗಿಸುತ್ತಿದ್ದವನು ಅವನೇ.

ಮೇಲಿನ ಮಹಡಿಯಲ್ಲಿದ್ದ ತಂಗಿ ಬಿಸ್ಕತ್ತು ಪ್ಯಾಕ್ ಮಾಡುವ ಕಾರ್ಖಾನೆಯ ಕೆಲಸಕ್ಕೆ ವಾಪಸ್ಸಾದಾಗ, ಒಂದೂವರೆ ವರ್ಷದ ಮಗಳನ್ನು ಅಣ್ಣನ ಕೈಗೆ ಕೊಟ್ಟಳು. ಅಳು ಶುರುವಾದರೆ ನಾಲ್ಕು ಬೀದಿಯ ವಾಹನಗಳು ಪಕ್ಕಕ್ಕೆ ಸರಿಯುತ್ತವೆಂದು ಡ್ರೈವರಣ್ಣ ಆ ಮಗುವಿಗೆ ಹಾರನ್ ಎಂದು ಹೆಸರಿಟ್ಟ. ಮಧ್ಯಾಹ್ನವಾದರೆ ಹಾರನ್ ಅವನ ಎಡ ಹೆಗಲ ಮೇಲೆ ಬಾಯಿ ತೆರೆದುಕೊಂಡು ಮಲಗುತ್ತಿತ್ತು. ಅವನು ಅಂಗಿ ಒದ್ದೆ ಮಾಡಿಸಿಕೊಂಡು ಅಲ್ಲಾಡದೆ ಕೂರುತ್ತಿದ್ದ. ಗಡಿಯಾರ ಇದೆಯೆಂಬುದೇ ಮರೆತುಹೋಗಿತ್ತು.

ಆದರೆ ಕಾರ್ಖಾನೆಯಲ್ಲೇ ಒಂದು ಶಿಶುವಿಹಾರ ತೆರೆದರು.

“ಊಟದ ಬಿಡುವಲ್ಲಿ ಮಗು ಮುಖ ನೋಡಬಹುದು ಅಣ್ಣ,” ಎಂದಳು ತಂಗಿ. “ನಿನಗೂ ಕಣ್ಣು ಸರಿಯಾಗಿ ಕಾಣಲ್ಲ. ಮೊನ್ನೆ ಇವಳು ಮೆಟ್ಟಿಲ ಹತ್ರ ಹೋಗಿದ್ದು ನಿನಗೆ ಗೊತ್ತೇ ಆಗಲಿಲ್ಲ. ಆದ್ರೆ ಶಿಶುವಿಹಾರದಲ್ಲಿ ಯಾರೂ ಎತ್ಕೊಂಡು ಮಲಗಿಸಲ್ಲವಂತೆ. ಮಂಚದಲ್ಲಿ ಬಿಟ್ರೆ ತಾನೇ ಮಲಗೋ ಮಕ್ಕಳನ್ನ ಮಾತ್ರ ಸೇರಿಸ್ಕೋತಾರೆ. ನೀನೇ ಕಲಿಸಬೇಕು.”

“ಅಷ್ಟೇ ತಾನೇ? ಬಸ್ಸುಗಟ್ಟಲೆ ಜನಾನ ಮಲಗಿಸಿದೋನು ನಾನು,” ಎಂದ ಅವನು. ಎದೆಯೊಳಗೆ ಮಾತ್ರ ಯಾರೋ ಬ್ರೇಕ್ ಒತ್ತಿದ ಹಾಗಾಯಿತು.

ಸುತ್ತ ಕಂಬಿಗಳಿದ್ದ ಪುಟ್ಟ ಮಂಚ ಕೋಣೆಗೆ ಬಂತು. ಒಳಗೆ ಬಿಟ್ಟರೆ ಮಗು ಕಂಬಿ ಹಿಡಿದು, ಕಟಕಟೆಯಲ್ಲಿ ನಿಂತ ಆರೋಪಿಯ ಹಾಗೆ ನಿಂತುಕೊಂಡಿತು. ಡ್ರೈವರಣ್ಣ ತನಗೆ ಗೊತ್ತಿದ್ದ ವಿದ್ಯೆ ತೆಗೆದ. ಕಂಬಿ ಹಿಡಿದು ಮಂಚವನ್ನು ಗುಂಡಿ ಬಿದ್ದ ರಸ್ತೆಯ ಲೆಕ್ಕಕ್ಕೆ ಕುಲುಕಿದ. ಗಂಟಲಲ್ಲಿ ಡೀಸೆಲ್ ಎಂಜಿನ್ ಸ್ಟಾರ್ಟ್ ಮಾಡಿ ಗೇರು ಬದಲಿಸಿದ. ಹಾರನ್ ಎರಡನೇ ಗೇರಿನಲ್ಲೇ ಮಲಗಿಬಿಟ್ಟಿತು. ಅವನು ಮೀಸೆ ತಿರುವಿಕೊಂಡು ಎಂಜಿನ್ ನಿಲ್ಲಿಸಿದ. ಮಗು ತಕ್ಷಣ ಎದ್ದು ಕೂತು, ಯಾವ ಸ್ಟಾಪು ಬಂತು ಎನ್ನುವಂತೆ ಅತ್ತಿತ್ತ ನೋಡಿತು.

ನಿಲ್ಲಿಸಿದರೆ ಎಚ್ಚರ, ಓಡಿಸಿದರೆ ನಿದ್ದೆ. ಗಂಟಲೊಣಗಿ ಪಕ್ಕದಲ್ಲಿದ್ದ ನೀರು ಕುಡಿಯಲೂ ಬಿಡುವಿಲ್ಲದೆ ಅವನು ದಿನಾ ಮಧ್ಯಾಹ್ನ ಪರದೇಶದ ಗಡಿಯವರೆಗೆ ಬಸ್ಸು ಹೊಡೆದ.

ಎದುರು ಮನೆಯ ಟೈಲರಮ್ಮ ಬಾಗಿಲಿಗೆ ಬಂದಳು. “ಏನ್ರೀ ಡ್ರೈವರೇ, ಒಳಗೆ ಹಿಟ್ಟಿನ ಗಿರಣಿ ಇಟ್ಟಿದ್ದೀರಾ? ನನ್ನ ಮಿಷಿನ್ನಿನ ಸದ್ದು ನನಗೇ ಕೇಳ್ತಿಲ್ಲ.”

“ಮಗು ಮಲಗಿಸ್ತಿದ್ದೀನಮ್ಮ. ನಿಲ್ಲಿಸಿದ್ರೆ ಏಳುತ್ತೆ.”

“ಬಸ್ಸು ನಿಂತ್ರೆ ಯಾರು ತಾನೇ ಏಳಲ್ಲ? ನೀವು ಹೊರಡಿಸಲೇಬೇಡಿ. ಎಚ್ಚರ ಇರುವಾಗಲೇ ಮಲಗಿಸಿ, ತೆಪ್ಪಗೆ ಕೂತಿರಿ. ನಾನು ಮೂರು ಮಕ್ಕಳನ್ನ ಹಾಗೇ ಮಲಗಿಸಿದ್ದು.”

ಬಾಯಿ ಮುಚ್ಚಿ ಕೂರುವುದು ಡ್ರೈವರಣ್ಣನಿಗೆ ಜನ್ಮದಲ್ಲಿ ಗೊತ್ತಿರಲಿಲ್ಲ. ಆದರೂ ಪರದೆ ಎಳೆದು, ಮಗುವನ್ನು ಮಲಗಿಸಿ, ಕುರ್ಚಿಯಲ್ಲಿ ಕೂತ. ಮಗು ಎದ್ದು ನಿಂತಿತು, ಅತ್ತಿತು, ಬಟ್ಟೆಯ ಮೊಲವನ್ನು ಹೊರಗೆ ಎಸೆಯಿತು. ಅವನು ಮೊಲವನ್ನು ಕೊಟ್ಟ, ಮತ್ತೆ ಮಲಗಿಸಿದ, ಬೆನ್ನ ಮೇಲೆ ಕೈಯಿಟ್ಟ, ಕೂತ. ದಿನ ಕಳೆದಂತೆ ಅಳು ಚಿಕ್ಕದಾಯಿತು. ಕುರ್ಚಿ ಸ್ವಲ್ಪ ಸ್ವಲ್ಪವೇ ಬಾಗಿಲ ಕಡೆ ಸರಿಯಿತು.

ಒಂದು ಮಧ್ಯಾಹ್ನ ಮಗು ಮೊಲದ ಕಿವಿ ಚೀಪುತ್ತ, ಅವನ ಕಡೆ ನೋಡುತ್ತ ನೋಡುತ್ತ, ತಾನೇ ಕಣ್ಣು ಮುಚ್ಚಿತು.

ಡ್ರೈವರಣ್ಣ ಮಂಚದ ಹತ್ತಿರ ಹೋಗಿ, ಮಂಜುಗಣ್ಣನ್ನು ಕಿರಿದು ಮಾಡಿ ಬಗ್ಗಿ ನೋಡಿದ. ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಮೆಲ್ಲಗೆ ಓಡಾಡುತ್ತಿತ್ತು. ಅಷ್ಟು ವರ್ಷ ಅವನ ಪ್ರಯಾಣಿಕರೆಲ್ಲ ಬೆನ್ನ ಹಿಂದೆಯೇ ಇದ್ದವರು; ಕನ್ನಡಿಯಲ್ಲಿ ಕಂಡದ್ದು ಬರೀ ತೂಗುವ ತಲೆಗಳು. ನಿದ್ದೆ ಮಾಡುವವರ ಮುಖ ಹೀಗಿರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ. ಹೆಗಲ ಮೇಲಿದ್ದಾಗಲೂ ಈ ಮುಖ ಅವನಿಗೆ ಕಂಡಿರಲಿಲ್ಲ.

ಸಂಜೆ ತಂಗಿ ಕೇಳಿದಳು, “ಮಲಗಿದ್ಲಾ ಅಣ್ಣ?”

“ಎಲ್ಲಿ ಮಲಗ್ತಾಳೆ? ಇನ್ನೂ ಟೈಮ್ ಬೇಕು ಕಣೆ.”

ಮರುದಿನವೂ ಮಗು ತಾನೇ ಮಲಗಿತು. ಅವನು ಮತ್ತೆ ಅದೇ ಮಾತು ಹೇಳಿದ. ಆಮೇಲಾಮೇಲೆ, ಸಂಜೆಯ ಸುಳ್ಳು ಪೂರ್ತಿ ಸುಳ್ಳಾಗಬಾರದೆಂದೋ ಏನೋ, ಮಲಗಿದ ಮಗುವನ್ನು ಮೆಲ್ಲಗೆ ಎತ್ತಿ ಹೆಗಲಿಗೆ ಹಾಕಿಕೊಳ್ಳತೊಡಗಿದ. ಅದು ಏಳಬಾರದೆಂದು ಕೆಮ್ಮನ್ನೂ ನುಂಗಿಕೊಂಡು ಕೂರುತ್ತಿದ್ದ.

ಕರೆಂಟು ಹೋಗಿ ಕಾರ್ಖಾನೆಗೆ ಅರ್ಧ ದಿನದ ರಜೆಯಾದ ದಿನ, ತಂಗಿ ಹೇಳದೆ ಕೇಳದೆ ಬಂದಳು. ಮಗು ಮಂಚದಲ್ಲಿ ಸೊಂಪಾಗಿ ಮಲಗಿತ್ತು. ಅಣ್ಣ ಬಗ್ಗಿ ಅದರ ಕಂಕುಳಲ್ಲಿ ಕೈಹಾಕಿದ್ದ.

“ಎಷ್ಟು ದಿನದಿಂದ ಹೀಗೆ ಮಲಗ್ತಿದಾಳೆ?” ಎಂದು ಅವಳು ಪಿಸುಗುಟ್ಟಿದಳು.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಯಾವತ್ತೂ ನಾಲಗೆ ತುದಿಯಲ್ಲೇ ಇರುತ್ತಿದ್ದ ತಮಾಷೆ ಅವತ್ತು ಬರಲಿಲ್ಲ. “ಸುಮಾರು ದಿನ ಆಯ್ತು,” ಎಂದ.

ತಂಗಿ ಅಣ್ಣನ ಅಂಗಿಯ ಎಡ ಹೆಗಲಲ್ಲಿ ದಿನಾ ಜೊಲ್ಲು ಬಿದ್ದು ಉಳಿದ ಕಲೆಯನ್ನು ನೋಡಿದಳು. ನೆಲದ ಮೇಲೆ ಕೂತು ಕಾಲು ನೀವಿಕೊಂಡಳು.

“ಸೋಮವಾರ ಸೇರಿಸಲೇಬೇಕು ಅಣ್ಣ. ಇಲ್ಲಾಂದ್ರೆ ಜಾಗ ಹೋಗುತ್ತೆ.”

“ಸೇರಿಸು. ಕಲಿತಿದಾಳೆ. ನಾನೇ ಕಲಿಸಿದ್ದು.”

“ರಜಾ ದಿನ ಮಧ್ಯಾಹ್ನ ಇಲ್ಲೇ ಕರ್ಕೊಂಡು ಬಂದು ಬಿಡ್ತೀನಿ. ನಿನ್ನ ಹತ್ರಾನೇ ಮಲಗಲಿ.”

“ಕರ್ಕೊಂಡು ಬಾ,” ಎಂದ ಡ್ರೈವರಣ್ಣ, ಎಡ ಹೆಗಲು ಸವರಿಕೊಳ್ಳುತ್ತ. “ಈ ಮಂಚ ಮಾತ್ರ ಮೇಲಕ್ಕೆ ತಗೊಂಡು ಹೋಗಿ ಅಲ್ಲೇ ಇಟ್ಕೊಂಡಿರು.”